ಕಾಳಿನ ಪ್ರೋಟೀನು, ಕೃತಕ ಸಕ್ಕರೆ ಸರಪಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಾಲೇಜುಗಳಲ್ಲಿ ಲೆಕ್ಟಿನ್ ಬಗ್ಗೆ, ಅಂದರೆ ಸಕ್ಕರೆ ಹಿಡಿಯುವ ಪ್ರೋಟೀನುಗಳು ಮತ್ತು ಅವು ಅಂಟುವ ಕೃತಕ ಸಕ್ಕರೆ ಸರಪಳಿಗಳ ಬಗ್ಗೆ ಮಾತಾಡಿದಾಗೆಲ್ಲ ಒಂದೇ ಬಗೆಯ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೆಲವು ಪಾಠ ಮುಗಿದ ಮೇಲೆ, ಕೆಲವು ಪತ್ರದಲ್ಲಿ, ಇನ್ನು ಕೆಲವು ಹೊರಗೆ ಚಹಾ ಕುಡಿಯುವಾಗ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಲ್ಯಾಬಿನದು. ಬೇಕಾದ ಪ್ರಶ್ನೆಗೆ ನೇರ ಹೋಗಿ ಓದಿಕೊಳ್ಳಬಹುದು.

## ಬುನಾದಿ

ಕಾಳಿನ ಪ್ರೋಟೀನಿಗೂ ಸಕ್ಕರೆಗೂ ಏನ್ ಸಂಬಂಧ ರೀ?

ಸಕ್ಕರೆಯನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನುಗಳ ಒಂದು ಗುಂಪೇ ಇದೆ. ಅವು ಸಕ್ಕರೆಯನ್ನು ಒಡೆಯುವುದಿಲ್ಲ, ಬದಲಾಯಿಸುವುದಿಲ್ಲ, ಸುಮ್ನೆ ಹಿಡಿದುಕೊಳ್ಳುತ್ತವೆ. ಇವೇ ಲೆಕ್ಟಿನ್‌ಗಳು. ಇಲ್ಲಿ ಸಕ್ಕರೆ ಅಂದರೆ ಚಹಾಕ್ಕೆ ಹಾಕುವುದೊಂದೇ ಅಲ್ಲ. ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ಎಲ್ಲವೂ ಸಕ್ಕರೆಗಳೇ. ಒಂದೊಂದು ಲೆಕ್ಟಿನ್ ಒಂದೊಂದನ್ನು ಹಿಡಿಯುತ್ತದೆ.

ಇದು ಮೊದಲು ಕಣ್ಣಿಗೆ ಬಿದ್ದದ್ದು ಔಡಲ ಬೀಜದಲ್ಲಿ. 1888ರಲ್ಲಿ ಪೀಟರ್ ಹರ್ಮನ್ ಸ್ಟಿಲ್‌ಮಾರ್ಕ್ ಎಂಬಾತ ಈಗಿನ ಎಸ್ಟೋನಿಯಾದ ಟಾರ್ಟು ಊರಿನಲ್ಲಿ ಔಡಲ ಬೀಜದ ಸಾರವನ್ನು ರಕ್ತಕ್ಕೆ ಬೆರೆಸಿದ. ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟಿದವು. ರಕ್ತಕಣದ ಮೈಮೇಲೆ ಸಕ್ಕರೆಯ ಸಣ್ಣ ಸರಪಳಿಗಳಿವೆ. ಲೆಕ್ಟಿನ್‌ಗೆ ಸಾಮಾನ್ಯವಾಗಿ ಸಕ್ಕರೆ ಬಂದು ಕೂರುವ ಕುಳಿಗಳು ಒಂದಕ್ಕಿಂತ ಹೆಚ್ಚು ಇರುತ್ತವೆ. ಹಾಗಾಗಿ ಒಂದೇ ಲೆಕ್ಟಿನ್ ಎರಡು ಕಣಗಳನ್ನು ಒಟ್ಟಿಗೆ ಹಿಡಿಯಬಲ್ಲದು. ಈ ಹಿಡಿತ ಸಕ್ಕರೆಯ ಮೂಲಕವೇ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಸುಳಿವು ಸಿಕ್ಕಿದ್ದು ಮಾತ್ರ 1936ರಲ್ಲಿ. ಅಮೆರಿಕದ ಜೇಮ್ಸ್ ಸಮ್ನರ್ ಮತ್ತು ಹೊವೆಲ್ ಜಾಕ್ ಬೀನ್ ಎಂಬ ಕಾಳಿನ ಲೆಕ್ಟಿನ್ ಮತ್ತು ರಕ್ತಕಣಗಳ ಮಿಶ್ರಣಕ್ಕೆ ಕಬ್ಬಿನ ಸಕ್ಕರೆ ಸೇರಿಸಿದಾಗ ಗುಂಪುಗಟ್ಟುವುದೇ ನಿಂತಿತು.

ನಮ್ಮ ಹೊಲದಾಗ ಬೆಳೆಯೋ ಯಾವ ಕಾಳಿನಾಗ ಇದು ಐತ್ರಿ?

ದ್ವಿದಳ ಕಾಳುಗಳಲ್ಲಿ ಇದು ಚೆನ್ನಾಗಿಯೇ ಇದೆ. ಶೇಂಗಾದ ಲೆಕ್ಟಿನ್ ಗ್ಯಾಲಕ್ಟೋಸ್ ಹಿಡಿಯುತ್ತದೆ. ಔಡಲದ್ದೂ ಅದನ್ನೇ. ಅವರೆ, ಬಟಾಣಿ, ಮಸೂರದ ಲೆಕ್ಟಿನ್‌ಗಳಿಗೆ ಮ್ಯಾನೋಸ್ ಮತ್ತು ಗ್ಲೂಕೋಸ್ ಬೇಕು. ಗೋಧಿಯ ಮೊಳಕೆಭಾಗದಲ್ಲೂ ಒಂದಿದೆ. ಹಲಸಿನ ಬೀಜದಲ್ಲಿರುವ ಜಾಕಲಿನ್ ಅಂತೂ ಬಹಳ ಹೆಸರುವಾಸಿ.

ಆದರೆ ನಮ್ಮ ಕಡೆಯವರು ತಿಳಿದಿರಬೇಕಾದ ಕಥೆ ಹುರುಳಿಯದು. ಎ ಗುಂಪಿನ ರಕ್ತದಲ್ಲಿ ಎ1, ಎ2 ಅಂತ ಒಳಗುಂಪುಗಳಿವೆ. ಹುರುಳಿ ಸಾರವನ್ನು ತಕ್ಕಷ್ಟು ತೆಳು ಮಾಡಿದರೆ ಎ1 ಕಣಗಳು ಗುಂಪುಗಟ್ಟುತ್ತವೆ, ಎ2 ಕಣಗಳು ಸುಮ್ಮನಿರುತ್ತವೆ. ಜಿ. ಡಬ್ಲ್ಯು. ಜಿ. ಬರ್ಡ್ ಅವರು ಹುರುಳಿಯ ಈ ಗುಣದ ಬಗ್ಗೆ ಬರೆದದ್ದು 1951ರಲ್ಲಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಇವತ್ತಿಗೂ ರಕ್ತನಿಧಿಗಳಲ್ಲಿ ಎ1 ಪರೀಕ್ಷೆಗೆ ಹುರುಳಿ ಲೆಕ್ಟಿನ್ನೇ ಬಳಕೆಯಲ್ಲಿದೆ. ಎತ್ತಿಗೆ ಹಾಕುವ ಕಾಳು ಅಂತ ಕಡೆಗಣಿಸುವವರಿಗೆ ಇದನ್ನು ಹೇಳಲು ನನಗೆ ಬಲು ಖುಷಿ.

ಹಂಗಾದ್ರ ಹುರುಳಿ ಸಾರು, ಶೇಂಗಾ ಹಿಂಡಿ ತಿಂದ್ರ ರಕ್ತ ಗಡ್ಡೆ ಕಟ್ಟತೈತೇನು?

ಇಲ್ಲ. ಮೊದಲನೆಯದಾಗಿ, ಲೆಕ್ಟಿನ್ ರಕ್ತಕಣಗಳನ್ನು ಗುಂಪುಗೂಡಿಸುವುದೂ ಗಾಯವಾದಾಗ ರಕ್ತ ಹೆಪ್ಪುಗಟ್ಟುವುದೂ ಬೇರೆ ಬೇರೆ. ಎರಡನೆಯದಾಗಿ, ಬಹುಪಾಲು ಲೆಕ್ಟಿನ್‌ಗಳು ಚೆನ್ನಾಗಿ ಕುದಿಸಿದರೆ ಆಕಾರ ಕೆಟ್ಟು ಕೆಲಸಕ್ಕೆ ಬಾರದಂತಾಗುತ್ತವೆ. ಶೇಂಗಾದ್ದು ಸ್ವಲ್ಪ ಗಟ್ಟಿ, ಹುರಿದ ಮೇಲೂ ಒಂದಷ್ಟು ಉಳಿಯುತ್ತದೆ. ಹಾಗಂತ ಹಿಂಡಿ ಬಿಡಬೇಕಾಗಿಲ್ಲ. ಶೇಂಗಾ ಅಲರ್ಜಿ ಇರುವವರ ವಿಷಯ ಬೇರೆ, ಅದಕ್ಕೆ ಮುಖ್ಯ ಕಾರಣ ಬೇರೆ ಪ್ರೋಟೀನುಗಳು.

ಎಚ್ಚರ ಬೇಕಾದದ್ದು ರಾಜ್ಮಾ ವಿಷಯದಲ್ಲಿ. ಅರೆಬೆಂದ ರಾಜ್ಮಾ ತಿಂದರೆ ವಾಂತಿ, ಭೇದಿ ಆಗುತ್ತದೆ. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಿ ಬೇಯಿಸಬೇಕು. ಔಡಲ ಬೀಜವನ್ನಂತೂ ಬಾಯಿಗೆ ಹಾಕಲೇಬಾರದು. ಅದರಲ್ಲಿರುವ ರೈಸಿನ್ ಕಡು ವಿಷ. ಅದರ ಒಂದು ತುಂಡು ಜೀವಕೋಶದ ಗ್ಯಾಲಕ್ಟೋಸ್ ಹಿಡಿದು ಒಳಗೆ ದಾರಿ ಮಾಡಿಕೊಡುತ್ತದೆ. ಇನ್ನೊಂದು ತುಂಡು ಒಳಹೋಗಿ ಪ್ರೋಟೀನು ತಯಾರಿಯನ್ನೇ ನಿಲ್ಲಿಸುತ್ತದೆ. ರೈಸಿನ್ ನೀರಿನಲ್ಲಿ ಕರಗುವಂಥದ್ದು, ಎಣ್ಣೆಯ ಜೊತೆ ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಔಡಲ ಹಿಂಡಿಯನ್ನು ಗೊಬ್ಬರಕ್ಕೆ ಹಾಕಿ ದನಕ್ಕೆ ಹಾಕದಿರುವುದು ಇದಕ್ಕೇ.

ಗಿಡಕ್ಕ ಇದರಿಂದ ಏನ್ ಲಾಭ?

ಹೆಚ್ಚಾಗಿ ರಕ್ಷಣೆ. ಕಾಳು ತಿನ್ನಲು ಬಂದ ಹುಳುವಿನ ಕರುಳಿನ ಗೋಡೆಯ ಮೇಲೂ ಸಕ್ಕರೆ ಸರಪಳಿಗಳಿವೆ, ಲೆಕ್ಟಿನ್ ಅಲ್ಲಿ ಅಂಟಿದರೆ ಹುಳುವಿಗೆ ತೊಂದರೆ. ಬೇರುಗಂಟಿನ ಬ್ಯಾಕ್ಟೀರಿಯಾವನ್ನು ಗುರುತಿಸುವುದರಲ್ಲೂ ಇವುಗಳ ಪಾತ್ರ ಇದೆ ಅನ್ನುವ ವಾದ ಹಳೆಯದು.

ಕೃತಕ ಸಕ್ಕರೆ ಪಾಲಿಮರ್ ಅಂದ್ರೆ ಸ್ಯಾಕರಿನ್ ತರದ್ದಾ?

ಅಲ್ಲವೇ ಅಲ್ಲ. ಸ್ಯಾಕರಿನ್ ಸಿಹಿ ರುಚಿಯ ಒಂದು ಸಣ್ಣ ಅಣು, ಅದು ಸಕ್ಕರೆಯೂ ಅಲ್ಲ. ನಾವು ಇಲ್ಲಿ ಮಾತಾಡುತ್ತಿರುವುದು ಗ್ಲೈಕೋಪಾಲಿಮರ್ ಬಗ್ಗೆ. ಪಾಲಿಮರ್ ಅಂದರೆ ಸಣ್ಣ ಘಟಕಗಳು ಸಾಲಾಗಿ ಕೂಡಿದ ಉದ್ದ ಸರಪಳಿ. ಇಲ್ಲಿ ಅದು ಪ್ಲಾಸ್ಟಿಕ್ ಜಾತಿಯದು, ಉದಾಹರಣೆಗೆ ಪಾಲಿಅಕ್ರಿಲಮೈಡ್. ಅದರ ಬದಿಯಲ್ಲಿ ಉದ್ದಕ್ಕೂ ಮ್ಯಾನೋಸ್ ಅಥವಾ ಗ್ಯಾಲಕ್ಟೋಸ್ ಅಣುಗಳನ್ನು ತೂಗು ಹಾಕಿರುತ್ತಾರೆ. ಸಕ್ಕರೆ ನಿಜವಾದದ್ದೇ, ಅದನ್ನು ಹೊತ್ತ ಸರಪಳಿ ಮಾತ್ರ ಮನುಷ್ಯ ಮಾಡಿದ್ದು. ನೋಡಲು ಬಿಳಿ ಪುಡಿ. ತಿನ್ನುವ ವಸ್ತು ಅಲ್ಲ.

ಗಂಜಿ, ಹತ್ತಿ, ಚವಳಿಕಾಯಿ ಬೀಜದ ಅಂಟು ಇವೂ ಸಕ್ಕರೆ ಪಾಲಿಮರೇ ಅಲ್ವಾ? ಮತ್ತೆ ಹೊಸದು ಯಾಕೆ ಮಾಡಬೇಕು?

ಒಳ್ಳೆಯ ಪ್ರಶ್ನೆ. ಹೌದು, ಮೂರೂ ಸಕ್ಕರೆ ಪಾಲಿಮರುಗಳೇ, ಮತ್ತು ಲೆಕ್ಟಿನ್ ಕೆಲಸದಲ್ಲಿ ಪ್ರಕೃತಿಯ ಪಾಲಿಮರುಗಳಿಗೆ ದೊಡ್ಡ ಜಾಗ ಇದೆ. ಚವಳಿಕಾಯಿ ಬೀಜದ ಅಂಟು, ಅಂದರೆ ಗೌರ್ ಗಮ್, ಮ್ಯಾನೋಸ್ ಸರಪಳಿಗೆ ಗ್ಯಾಲಕ್ಟೋಸ್ ತೂಗು ಹಾಕಿದಂಥ ರಚನೆ. ಅದನ್ನು ನೀರಿನಲ್ಲಿ ಕರಗದ ಹಾಗೆ ಹೆಣೆದು, ಗ್ಯಾಲಕ್ಟೋಸ್ ಹಿಡಿಯುವ ಲೆಕ್ಟಿನ್‌ಗಳನ್ನು ಬೀಜದ ಸಾರದಿಂದ ಬೇರ್ಪಡಿಸಲು ನಮ್ಮ ದೇಶದ ಲ್ಯಾಬ್‌ಗಳೇ ಬಳಸಿವೆ. ಅಗ್ಗ, ಸುಲಭ.

ಕಷ್ಟ ಏನೆಂದರೆ, ಪ್ರಕೃತಿಯ ಪಾಲಿಮರ್ ನಮ್ಮ ಮಾತು ಕೇಳುವುದಿಲ್ಲ. ಸರಪಳಿಯ ಉದ್ದ ಒಂದೊಂದು ಕಡೆ ಒಂದೊಂದು ತರ. ಸಕ್ಕರೆ ಎಷ್ಟು ದೂರಕ್ಕೊಂದು ಇರಬೇಕು ಅಂತ ನಾವು ತೀರ್ಮಾನಿಸಲಾಗದು. ಕೃತಕವಾಗಿ ಮಾಡಿದರೆ ಉದ್ದ ಹಾಗೇ ಇಟ್ಟು ಸಕ್ಕರೆ ದಟ್ಟಣೆಯನ್ನು ಮಾತ್ರ ಬದಲಾಯಿಸಬಹುದು. ಅಥವಾ ದಟ್ಟಣೆ ಹಾಗೇ ಇಟ್ಟು ಉದ್ದ ಬದಲಾಯಿಸಬಹುದು. ಯಾವುದರಿಂದ ಏನಾಯಿತು ಅಂತ ಆಗ ತಿಳಿಯುತ್ತದೆ.

## ಹಿಡಿತದ ಒಳಗುಟ್ಟು

ಸಕ್ಕರೆ ಪ್ರೋಟೀನಿಗೆ ಹೆಂಗ ಅಂಟತೈತ್ರಿ? ನಡುವೆ ಏನಾರ ಅಂಟು ಇರತೈತೇನು?

ಅಂಟು ಇಲ್ಲ. ಶಾಶ್ವತ ರಾಸಾಯನಿಕ ಬಂಧವೂ ಇಲ್ಲ. ಸಕ್ಕರೆಯ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿವೆ, ಅಂದರೆ ಆಮ್ಲಜನಕ-ಹೈಡ್ರೋಜನ್ ಜೋಡಿಗಳು. ಲೆಕ್ಟಿನ್‌ನ ಕುಳಿಯಲ್ಲಿರುವ ಆಸ್ಪಾರ್ಟಿಕ್ ಆಮ್ಲ, ಆಸ್ಪರಜೀನ್ ಮುಂತಾದ ಅಮೈನೋ ಆಮ್ಲಗಳು ಅವುಗಳ ಜೊತೆ ಹೈಡ್ರೋಜನ್ ಬಂಧ ಮಾಡುತ್ತವೆ. ಜೊತೆಗೆ ಸಕ್ಕರೆ ಉಂಗುರದ ಒಂದು ಮಗ್ಗುಲು ಟೈರೋಸಿನ್ ಅಥವಾ ಫಿನೈಲ್‌ಅಲನೀನ್ ತರದ ಚಪ್ಪಟೆ ಉಂಗುರದ ಮೇಲೆ ಒರಗುತ್ತದೆ. ಕಾಳುಗಳ ಲೆಕ್ಟಿನ್‌ನಲ್ಲಿ ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸ್ ಕೂಡ ಇರುತ್ತವೆ. ಅವು ಸಕ್ಕರೆಯನ್ನು ನೇರವಾಗಿ ಮುಟ್ಟುವುದಿಲ್ಲ, ಕುಳಿಯ ಆಕಾರ ಕೆಡದಂತೆ ಕಾಯುತ್ತವೆ.

ಆಯ್ಕೆ ಎಷ್ಟು ಸೂಕ್ಷ್ಮ ನೋಡಿ. ಗ್ಲೂಕೋಸಿಗೂ ಗ್ಯಾಲಕ್ಟೋಸಿಗೂ ಇರುವ ವ್ಯತ್ಯಾಸ ಒಂದೇ: ನಾಲ್ಕನೇ ಇಂಗಾಲದ ಹೈಡ್ರಾಕ್ಸಿಲ್ ಯಾವ ದಿಕ್ಕಿಗಿದೆ ಅನ್ನುವುದು. ಅಷ್ಟಕ್ಕೇ ಕಾನ್‌ಕಾನವಾಲಿನ್-ಎ ಎಂಬ ಲೆಕ್ಟಿನ್ ಗ್ಯಾಲಕ್ಟೋಸನ್ನು ಹತ್ತಿರ ಸೇರಿಸುವುದಿಲ್ಲ. ಮ್ಯಾನೋಸಿಗೂ ಗ್ಲೂಕೋಸಿಗೂ ವ್ಯತ್ಯಾಸ ಎರಡನೇ ಇಂಗಾಲದಲ್ಲಿದೆ. ಅಲ್ಲಿ ಅದು ಅಷ್ಟು ಕಟ್ಟುನಿಟ್ಟಲ್ಲ, ಎರಡನ್ನೂ ಹಿಡಿಯುತ್ತದೆ. ಆದರೆ ಗ್ಲೂಕೋಸಿನ ಹಿಡಿತ ಸುಮಾರು ನಾಲ್ಕು ಪಟ್ಟು ಸಡಿಲ.

ಒಂದೇ ಸಕ್ಕರೆ ಇದ್ದರೆ ಹಿಡಿತ ಕಮ್ಮಿ ಅಂತೀರಿ. ಎಷ್ಟು ಕಮ್ಮಿ?

ಕಾನ್‌ಎ (ಕಾನ್‌ಕಾನವಾಲಿನ್-ಎ ಅನ್ನುವ ಹೆಸರು ಉದ್ದ, ಎಲ್ಲರೂ ಹೀಗೇ ಅನ್ನುವುದು) ಒಂದು ಮೀಥೈಲ್ ಮ್ಯಾನೋಸೈಡ್ ಅಣುವನ್ನು, ಅಂದರೆ ಮ್ಯಾನೋಸಿನ ಒಂದು ಸರಳ ರೂಪವನ್ನು, ಹಿಡಿಯುವಾಗ ಬಿಡುಗಡೆ ಸ್ಥಿರಾಂಕ ಸುಮಾರು 0.1 ಮಿಲಿಮೋಲಾರ್. ಅರ್ಧದಷ್ಟು ಕುಳಿಗಳು ತುಂಬಲು ಎಷ್ಟು ಸಕ್ಕರೆ ಬೇಕು ಅನ್ನುವ ಅಳತೆ ಇದು, ಚಿಕ್ಕದಾದಷ್ಟೂ ಹಿಡಿತ ಬಿಗಿ. ಒಳ್ಳೆಯ ಪ್ರತಿಕಾಯವೊಂದು ತನ್ನ ಗುರಿಯನ್ನು ನ್ಯಾನೋಮೋಲಾರ್ ಮಟ್ಟದಲ್ಲಿ ಹಿಡಿಯುತ್ತದೆ, ಅಂದರೆ ಸುಮಾರು ಲಕ್ಷ ಪಟ್ಟು ಬಿಗಿ. ಸಕ್ಕರೆಯ ಹಿಡಿತ ಸಡಿಲವಾಗಲು ನೀರೇ ದೊಡ್ಡ ಕಾರಣ. ನೀರಿನ ಅಣುಗಳು ಕೂಡ ಸಕ್ಕರೆಯ ಹೈಡ್ರಾಕ್ಸಿಲ್‌ಗಳ ಜೊತೆ ಅಂಥದೇ ಬಂಧ ಮಾಡುತ್ತವೆ. ಆ ನೀರನ್ನು ಬಿಡಿಸಿ ಕುಳಿಯೊಳಗೆ ಬಂದು ಕೂತರೂ ಕೊನೆಗೆ ಸಿಗುವ ಲಾಭ ಸ್ವಲ್ಪವೇ.

ಅದೇ ಸಕ್ಕರೆಯನ್ನು ಪಾಲಿಮರಿಗೆ ಕಟ್ಟಿದ್ರೆ ಹಿಡಿತ ಒಮ್ಮೆಲೇ ಯಾಕೆ ಜಾಸ್ತಿ ಆಗುತ್ತೆ?

ಇಡೀ ವಿಷಯದ ತಿರುಳು ಇದೇ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲಿ ನಿಲ್ಲೋಣ.

ಹೊಲದ ಬದುವಿನ ಮೇಲೆ ನಡೆದರೆ ಉತ್ತರಾಣಿ ಬೀಜ ಪಂಚೆಗೆ ಮೆತ್ತಿಕೊಳ್ಳುತ್ತದಲ್ಲ, ಒಂದು ಬೀಜ ಇದ್ದರೆ ಬೆರಳಲ್ಲಿ ತೆಗೆದು ಹಾಕಬಹುದು. ಇಡೀ ಕದಿರೇ ಮೆತ್ತಿಕೊಂಡರೆ ಒಂದನ್ನು ಬಿಡಿಸುವಷ್ಟರಲ್ಲಿ ಪಕ್ಕದ್ದು ಹಿಡಿದಿರುತ್ತದೆ. ಪಾಲಿಮರ್ ಮತ್ತು ಲೆಕ್ಟಿನ್ ನಡುವೆ ನಡೆಯುವುದು ಇಂಥದೇ. ಯೇಲ್ ಅಥವಾ ಹಾರ್ವರ್ಡಿನಲ್ಲಿ ಕಲಿತವರಿಗೂ ಇದಕ್ಕಿಂತ ಸುಲಭವಾಗಿ ಹೇಳಲು ಬಾರದು ಅಂತ ನನ್ನ ನಂಬಿಕೆ.

ಆದರೆ ಒಳಗೆ ನಡೆಯುವುದು ಒಂದೇ ಕೆಲಸ ಅಲ್ಲ, ಕಡೇ ಪಕ್ಷ ನಾಲ್ಕು. ಮೊದಲನೆಯದು, ಒಂದೇ ಸರಪಳಿಯ ಎರಡು ಸಕ್ಕರೆಗಳು ಒಂದೇ ಲೆಕ್ಟಿನ್‌ನ ಎರಡು ಕುಳಿಗಳಲ್ಲಿ ಏಕಕಾಲಕ್ಕೆ ಕೂರುವುದು. ಒಂದು ಕೂತ ಮೇಲೆ ಎರಡನೆಯದು ದೂರ ಹೋಗಲಾರದು, ಹಾಗಾಗಿ ಅದು ಕೂರುವುದು ಸಲೀಸು. ಎರಡನೆಯದು, ಒಂದು ಸಕ್ಕರೆ ಕುಳಿಯಿಂದ ಜಾರಿದರೆ ಪಕ್ಕದ ಸಕ್ಕರೆ ಅದೇ ಕುಳಿಗೆ ಬರುವುದು. ಇಲ್ಲಿ ಒಂದೇ ಕುಳಿ ಸಾಕು. ಸುತ್ತ ಸಕ್ಕರೆ ಜಾಸ್ತಿ ಇರುವುದರಿಂದಲೇ ಲೆಕ್ಟಿನ್ ಬಿಟ್ಟುಹೋಗುವುದು ತಡವಾಗುತ್ತದೆ. ಮೂರನೆಯದು, ಹಲವು ಲೆಕ್ಟಿನ್‌ಗಳು, ಹಲವು ಸರಪಳಿಗಳು ಹೆಣೆದುಕೊಂಡು ಬಲೆಯಾಗುವುದು. ದ್ರಾವಣ ಬೆಳ್ಳಗೆ ಮಂಜಾಗುವುದು ಈ ಬಲೆಯಿಂದ. ನಾಲ್ಕನೆಯದು ಬರೀ ಗಾತ್ರದ ಲಾಭ. ಒಂದು ಕಡೆ ಅಂಟಿದ ದೊಡ್ಡ ಪಾಲಿಮರ್ ಉಳಿದ ಜಾಗವನ್ನೆಲ್ಲ ಮುಚ್ಚಿಬಿಡುತ್ತದೆ, ಬೇರೆಯವರು ಹತ್ತಿರ ಬರಲು ಆಗುವುದಿಲ್ಲ.

ಒಂಟಿ ಸಕ್ಕರೆಗಿಂತ ಗೊಂಚಲು ಸಕ್ಕರೆಯ ಹಿಡಿತ ಲೆಕ್ಕ ಮೀರಿ ಹೆಚ್ಚುವುದಕ್ಕೆ ಗೊಂಚಲು ಪರಿಣಾಮ ಅನ್ನುತ್ತಾರೆ. ಇದನ್ನು ಬಲವಾಗಿ ಎತ್ತಿ ತೋರಿಸಿದವರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈ. ಸಿ. ಲೀ ಮುಖ್ಯರು. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ “ಬಹುಬಂಧದಿಂದ ಹಿಡಿತ ಹೆಚ್ಚುತ್ತದೆ” ಅಂತ ಒಂದೇ ಸಾಲು ಬರೆದು ಮುಗಿಸುತ್ತಾರೆ. ಈ ನಾಲ್ಕರಲ್ಲಿ ಯಾವುದು ಅಂತ ಹೇಳದಿದ್ದರೆ ಆ ಸಾಲಿಗೆ ಅರ್ಥವೇ ಇಲ್ಲ.

ಪೇಪರುಗಳಲ್ಲಿ “ಸಾವಿರ ಪಟ್ಟು ಬಲ” ಅಂತ ಬರೆದಿರ್ತಾರೆ. ನಂಬಬಹುದಾ?

ನಂಬುವ ಮೊದಲು ಒಂದು ಭಾಗಾಕಾರ ಮಾಡಿ. ಸರಪಳಿಯಲ್ಲಿ ನೂರು ಸಕ್ಕರೆ ಇದೆ ಅಂದುಕೊಳ್ಳಿ. ಇಡೀ ಸರಪಳಿಯನ್ನು ಒಂದೇ ಒಂದು ಸಕ್ಕರೆಯ ಜೊತೆ ಹೋಲಿಸಿ ಸಾವಿರ ಪಟ್ಟು ಅಂದರೆ, ಪ್ರತಿ ಸಕ್ಕರೆಗೆ ಬಂದದ್ದು ಹತ್ತು ಪಟ್ಟು. ಅದು ಒಳ್ಳೆಯ ಸಂಖ್ಯೆಯೇ, ಆದರೆ ಸಾವಿರ ಅಲ್ಲ. ನೂರು ಸಕ್ಕರೆಯ ಸರಪಳಿ ನೂರು ಪಟ್ಟು ಮಾತ್ರ ತೋರಿಸಿದರೆ ಗೊಂಚಲಿನಿಂದ ಬಂದ ಲಾಭ ಸೊನ್ನೆ. ನೂರು ಬಿಡಿ ಸಕ್ಕರೆ ಹಾಕಿದ್ದರೂ ಅಷ್ಟೇ ಆಗುತ್ತಿತ್ತು. ಪ್ರತಿ ಸಕ್ಕರೆಗೆ ಎಷ್ಟು ಅಂತ ಹೇಳದ ಪೇಪರನ್ನು ನಾನು ಅರ್ಧಕ್ಕೇ ಮಡಚಿಡುತ್ತೇನೆ.

ಹಂಗಾದ್ರ ಸರಪಳಿ ತುಂಬ ಸಕ್ಕರೆ ತುಂಬಿದ್ರ ಆತು, ಅಲ್ವಾ?

ಆಗಲ್ಲ. ಲೆಕ್ಟಿನ್ ದೊಡ್ಡದು, ಸಕ್ಕರೆ ಚಿಕ್ಕದು. ಒಂದು ಲೆಕ್ಟಿನ್ ಬಂದು ಕೂತರೆ ಅದರ ಮೈ ಕೆಳಗೆ ಹತ್ತಾರು ಸಕ್ಕರೆಗಳು ಮುಚ್ಚಿಹೋಗುತ್ತವೆ. ಅವಕ್ಕೆ ಬೇರೆ ಲೆಕ್ಟಿನ್ ಸಿಗುವುದಿಲ್ಲ. ತೀರ ಒತ್ತೊತ್ತಾಗಿ ಹಾಕಿದರೆ ಸಕ್ಕರೆಗಳೇ ಒಂದಕ್ಕೊಂದು ಅಡ್ಡ ಬಂದು ಕುಳಿಯೊಳಗೆ ಸರಿಯಾಗಿ ಇಳಿಯಲಾರವು.

2002ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲಾರಾ ಕೀಸ್ಲಿಂಗ್ ಅವರ ತಂಡ ಇದನ್ನು ಕಾನ್‌ಎ ಮೇಲೆ ನೇರವಾಗಿ ಪರೀಕ್ಷಿಸಿತು. ಒಂದೇ ಬಗೆಯ ಸರಪಳಿಯಲ್ಲಿ ಮ್ಯಾನೋಸ್ ದಟ್ಟಣೆಯನ್ನು ಹೆಚ್ಚು ಕಡಿಮೆ ಮಾಡಿ ನೋಡಿದರು. ದಟ್ಟಣೆ ಹೆಚ್ಚಿದಂತೆ ಒಂದು ಸರಪಳಿಗೆ ಹಿಡಿದ ಕಾನ್‌ಎ ಸಂಖ್ಯೆ ಏರಿತು. ಆದರೆ ಪ್ರತಿ ಸಕ್ಕರೆಯ ಲೆಕ್ಕದಲ್ಲಿ ವಿರಳವಾಗಿ ಹಾಕಿದ್ದೇ ಮೇಲು. ನಿಮಗೆ ಲೆಕ್ಟಿನ್‌ಗಳನ್ನು ಒಂದೆಡೆ ಗುಡ್ಡೆ ಹಾಕಬೇಕಾ, ಅಥವಾ ಕಷ್ಟಪಟ್ಟು ಮಾಡಿದ ಸಕ್ಕರೆ ಪೋಲಾಗಬಾರದಾ? ಅದನ್ನು ಮೊದಲು ತೀರ್ಮಾನಿಸಿ, ದಟ್ಟಣೆ ಆಮೇಲೆ.

ಸರಪಳಿ ಎಷ್ಟು ಉದ್ದ ಇರಬೇಕು ಸರ್? ಅಂದಾಜಾದರೂ ಹೇಳಿ.

ಕಾಗದದ ಮೇಲೆ ನೀವೇ ಲೆಕ್ಕ ಹಾಕಬಹುದು. ಕಾನ್‌ಎಯ ಎರಡು ಕುಳಿಗಳ ನಡುವೆ ಸುಮಾರು 6.5 ನ್ಯಾನೋಮೀಟರ್ ದೂರ. ಅಕ್ರಿಲಮೈಡ್ ತರದ ಸರಪಳಿಯಲ್ಲಿ ಒಂದು ಘಟಕಕ್ಕೆ ಸುಮಾರು 0.25 ನ್ಯಾನೋಮೀಟರ್ ಉದ್ದ. ಭಾಗಿಸಿದರೆ 26 ಘಟಕ. ಆದರೆ ಇದು ಸರಪಳಿಯನ್ನು ನೆಟ್ಟಗೆ ಎಳೆದು ಹಿಡಿದಾಗಿನ ಮಾತು. ನೀರಿನಲ್ಲಿ ಅದು ಸುರುಳಿಯಾಗಿರುತ್ತದೆ, ಹಾಗಾಗಿ ಇದಕ್ಕಿಂತ ಸಾಕಷ್ಟು ಉದ್ದ ಬೇಕು. ಹತ್ತು ಘಟಕದ ಸರಪಳಿ ಎರಡು ಕುಳಿಗೆ ಒಟ್ಟಿಗೆ ಎಟುಕುವುದೇ ಇಲ್ಲ. ಅದರಲ್ಲಿ ಹಿಡಿತ ಹೆಚ್ಚಿದ್ದು ಕಂಡರೆ ಕಾರಣ ಬೇರೆ ಇರಬೇಕು.

ಉದ್ದ ಹೆಚ್ಚಿಸುತ್ತ ಹೋದರೆ ಪ್ರತಿ ಸಕ್ಕರೆಯ ಬಲ ಏರಿ, ಒಂದು ಹಂತದಲ್ಲಿ ನಿಲ್ಲುತ್ತದೆ. ಅದರಾಚೆ ಉದ್ದ ಮಾಡಿದರೆ ದ್ರಾವಣ ಅಂಟಂಟಾಗುವುದಷ್ಟೇ ಲಾಭ.

ಎಲ್ಲರೂ ಕಾನ್‌ಎ, ಕಾನ್‌ಎ ಅಂತಾರೆ. ಶೇಂಗಾ ಲೆಕ್ಟಿನ್ ಯಾಕೆ ಬೇಡ?

ಕಾನ್‌ಎ ಜಾಕ್ ಬೀನ್ ಎಂಬ ದೊಡ್ಡ ಬಿಳಿ ಕಾಳಿನದು. 1919ರಲ್ಲೇ ಸಮ್ನರ್ ಅದನ್ನು ಹರಳಾಗಿ ಪಡೆದರು. ಅದೇ ಕಾಳಿನಿಂದ 1926ರಲ್ಲಿ ಯೂರಿಯೇಸ್ ಕಿಣ್ವವನ್ನು ಹರಳು ಮಾಡಿ 1946ರಲ್ಲಿ ನೊಬೆಲ್ ಪಡೆದದ್ದೂ ಅವರೇ. ಕಾನ್‌ಎ ಸುಲಭವಾಗಿ, ಶುದ್ಧವಾಗಿ ಸಿಗುತ್ತದೆ, ರಚನೆ 1972ರಿಂದ ಗೊತ್ತಿದೆ, ಹೋಲಿಕೆಗೆ ರಾಶಿ ಫಲಿತಾಂಶ ಇದೆ. ಹಾಗಾಗಿ ಎಲ್ಲರೂ ಅದಕ್ಕೇ ಬೀಳುತ್ತಾರೆ. ಇದರಲ್ಲಿ ಸ್ವಲ್ಪ ಸೋಮಾರಿತನವೂ ಇದೆ ಅನ್ನಿ.

ಶೇಂಗಾ ಲೆಕ್ಟಿನ್ ನನ್ನ ಮಟ್ಟಿಗೆ ಇನ್ನೂ ಸ್ವಾರಸ್ಯದ್ದು. ಕಾನ್‌ಎ ಹಾಗೆಯೇ ಇದರಲ್ಲೂ ನಾಲ್ಕು ಉಪಘಟಕಗಳಿವೆ, ಆದರೆ ಜೋಡಣೆ ವಿಚಿತ್ರ. ಒಂದೇ ತರದ ನಾಲ್ಕು ತುಂಡುಗಳು ಸೇರಿದರೆ ಜೋಡಣೆ ಸಮ್ಮಿತಿಯಿಂದ ಕೂಡಿರುತ್ತದೆ ಅಂತ ನಾವು ನಿರೀಕ್ಷಿಸುತ್ತೇವೆ. ಇದರಲ್ಲಿ ಹಾಗಿಲ್ಲ. ಇದನ್ನು 1994ರಲ್ಲಿ ತೋರಿಸಿಕೊಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ, ಅವಧೇಶ ಸುರೋಲಿಯಾ ಅವರ ಜೊತೆಗೂಡಿ. ಹಲಸಿನ ಜಾಕಲಿನ್ ರಚನೆ 1996ರಲ್ಲಿ ಬಂದದ್ದೂ ವಿಜಯನ್ ಅವರ ತಂಡದಿಂದಲೇ. ಕುಳಿಗಳ ದಿಕ್ಕು, ದೂರ ಬದಲಾದರೆ ಅದಕ್ಕೆ ಒಪ್ಪುವ ಪಾಲಿಮರೂ ಬದಲಾಗಬೇಕು. ಕಾನ್‌ಎಗೆ ಹೊಂದಿದ ಅಳತೆಯನ್ನು ಶೇಂಗಾಕ್ಕೆ ಹಾಗೇ ತೊಡಿಸಬೇಡಿ.

## ಲ್ಯಾಬಿನೊಳಗೆ

ನಮ್ಮ ಕಾಲೇಜಿನಾಗ ದೊಡ್ಡ ಮಿಷನ್ ಇಲ್ರಿ. ಏನಾರ ಮಾಡಿ ನೋಡಬಹುದೇನ್ರಿ?

ಧಾರಾಳವಾಗಿ. ಒಂದು ಕಲರಿಮೀಟರ್, ಅಂದರೆ ದ್ರಾವಣದ ಮೂಲಕ ಎಷ್ಟು ಬೆಳಕು ಹಾಯುತ್ತದೆ ಅಂತ ಅಳೆಯುವ ಉಪಕರಣ, ಇದ್ದರೆ ಸಾಕು. ಶುರುವಿಗೆ ಕೃತಕ ಪಾಲಿಮರ್ ಕೂಡ ಬೇಡ, ಗ್ಲೈಕೋಜನ್ ಅಥವಾ ಡೆಕ್ಸ್‌ಟ್ರಾನ್ ತಗೊಳ್ಳಿ, ಎರಡೂ ಪ್ರಕೃತಿಯ ಗ್ಲೂಕೋಸ್ ಪಾಲಿಮರುಗಳು, ಎರಡನ್ನೂ ಕಾನ್‌ಎ ಹಿಡಿಯುತ್ತದೆ. ಕಾನ್‌ಎಯನ್ನು ಮಿಲಿಲೀಟರಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಪಿಎಚ್ 7.2ರ ಬಫರಿನಲ್ಲಿ (ಪಿಎಚ್ ಏರುಪೇರಾಗದಂತೆ ಕಾಯುವ ದ್ರಾವಣ) ಕರಗಿಸಿ. ಬಫರಿನಲ್ಲಿ ಉಪ್ಪು 0.15 ಮೋಲಾರ್ ಇರಲಿ, ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಮ್ಯಾಂಗನೀಸ್ ಕ್ಲೋರೈಡ್ ತಲಾ 1 ಮಿಲಿಮೋಲಾರ್ ಇರಲಿ. ಫಾಸ್ಫೇಟ್ ಬಫರ್ ಬೇಡ, ಕ್ಯಾಲ್ಸಿಯಂ ಜೊತೆ ಸೇರಿ ತಾನೇ ಬೆಳ್ಳಗಾಗುತ್ತದೆ. ಟ್ರಿಸ್ ಅಥವಾ ಹೆಪ್ಸ್ ಒಳ್ಳೆಯದು. ಗ್ಲೈಕೋಜನ್ ಸೇರಿಸಿದರೆ ಕೆಲವೇ ನಿಮಿಷದಲ್ಲಿ ಮಂಜಾಗುತ್ತದೆ. 420 ನ್ಯಾನೋಮೀಟರ್ ಸುಮಾರಿಗೆ ಓದಿ.

ಈಗ ಮಜಾ ಇರುವುದು ಇಲ್ಲಿ. ಒಂದು ನಳಿಕೆಗೆ ಮೀಥೈಲ್ ಮ್ಯಾನೋಸೈಡ್ ಹಾಕಿ, ಮಂಜು ಕರಗುತ್ತದೆ. ಅದು ದುಬಾರಿ ಅನ್ನಿಸಿದರೆ ಗ್ಲೂಕೋಸ್ ಹಾಕಿ, ಕಿರಾಣಿ ಅಂಗಡಿ ಸಕ್ಕರೆಯೂ ನಡೆಯುತ್ತದೆ, ಪ್ರಮಾಣ ಮಾತ್ರ ಜಾಸ್ತಿ ಬೇಕು. ಇನ್ನೊಂದು ನಳಿಕೆಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಹಾಕಿ. ಏನೂ ಆಗುವುದಿಲ್ಲ. ಇಷ್ಟು ಕಂಡರೆ ಲೆಕ್ಟಿನ್‌ನ ಆಯ್ಕೆ ಕಣ್ಣೆದುರೇ ಕಂಡಂತೆ.

ನಮ್ಮ ಕಡೆಗೆ ಎರಡು ಮಾತು ಸೇರಿಸಬೇಕು. ಬೋರ್ ನೀರು ಬೇಡವೇ ಬೇಡ, ಡಿಸ್ಟಿಲ್ಡ್ ನೀರೇ ಆಗಬೇಕು. ಮತ್ತೆ ಏಪ್ರಿಲ್-ಮೇ ತಿಂಗಳಲ್ಲಿ ಲ್ಯಾಬಿನ ಬೆಂಚಿನ ಮೇಲೆ ಪ್ರೋಟೀನು ಇಟ್ಟು ಊಟಕ್ಕೆ ಹೋಗಬೇಡಿ. ಆ ಬಿಸಿಗೆ ಅದು ಸುಮ್ಮನೆ ತಾನೇ ಮುದ್ದೆಯಾಗಬಹುದು. ಕರೆಂಟ್ ಹೋಗುವ ಊರಾದರೆ ಫ್ರಿಜ್ಜಿನಲ್ಲೂ ಐಸ್ ಪ್ಯಾಕ್ ಇಟ್ಟಿರಿ. ಔಡಲದ ಸಾರ ತೆಗೆಯುವ ಹುಚ್ಚು ಸಾಹಸ ಮಾತ್ರ ಯಾವ ಕಾಲೇಜಿನಲ್ಲೂ ಬೇಡ.

ಮಂಜಾದ್ರೆ ಬಂಧ ಆಯ್ತು, ಆಗದಿದ್ರೆ ಇಲ್ಲ. ಇಷ್ಟೇ ತಾನೇ?

ಎರಡೂ ಕಡೆ ಮೋಸ ಇದೆ. ಪಾಲಿಮರಿಗೆ ವಿದ್ಯುತ್ ಚಾರ್ಜ್ ಇದ್ದರೆ, ಅಥವಾ ನೀರು ಒಗ್ಗದ ಭಾಗ ಜಾಸ್ತಿ ಇದ್ದರೆ, ಸಕ್ಕರೆಗೆ ಸಂಬಂಧವೇ ಇಲ್ಲದೆ ಪ್ರೋಟೀನಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಅದೇ ಸರಪಳಿಗೆ ಗ್ಯಾಲಕ್ಟೋಸ್ ಕಟ್ಟಿದ ಇನ್ನೊಂದು ಪಾಲಿಮರ್ ಜೊತೆಗೆ ಬೇಕು. ಅದೂ ಕಾನ್‌ಎಯನ್ನು ಮಂಜು ಮಾಡಿದರೆ ನಿಮ್ಮ ಫಲಿತಾಂಶದಲ್ಲಿ ಹುರುಳಿಲ್ಲ. ಹೆಚ್ಚು ಮ್ಯಾನೋಸೈಡ್ ಹಾಕಿದರೂ ಕರಗದ ಮಂಜನ್ನೂ ಅನುಮಾನದಿಂದ ನೋಡಿ.

ಇನ್ನೊಂದು ಕಡೆ, ಪಾಲಿಮರ್ ತೀರ ಜಾಸ್ತಿಯಾದರೆ ಪ್ರತಿ ಲೆಕ್ಟಿನ್‌ಗೂ ಬೇರೆ ಬೇರೆ ಸರಪಳಿ ಸಿಕ್ಕಿ ಬಲೆಯೇ ಕಟ್ಟುವುದಿಲ್ಲ. ಬಂಧ ಭರ್ತಿಯಾಗಿದ್ದರೂ ದ್ರಾವಣ ತಿಳಿಯಾಗಿಯೇ ಇರುತ್ತದೆ. ಪಿಎಚ್ ಕೂಡ ನೋಡಿಕೊಳ್ಳಿ. 7ರ ಮೇಲೆ ಕಾನ್‌ಎ ನಾಲ್ಕು ಕುಳಿಯದು, 5.5ರ ಕೆಳಗೆ ಎರಡಾಗಿ ಒಡೆದು ಎರಡೇ ಕುಳಿಯದಾಗುತ್ತದೆ. ಬಲೆ ಹೆಣೆಯುವ ಶಕ್ತಿ ಅಲ್ಲಿಗೆ ಕುಗ್ಗುತ್ತದೆ. ಲೋಹಗಳನ್ನು ಕಟ್ಟಿಹಾಕುವ ಇಡಿಟಿಎ ಇರುವ ಬಫರ್ ಬಳಸಿದರೆ ಕ್ಯಾಲ್ಸಿಯಂ, ಮ್ಯಾಂಗನೀಸ್ ಕೂಡ ಕೈತಪ್ಪಬಹುದು.

ಗ್ಲೈಕೋಪಾಲಿಮರ್ ಮಾಡೋದು ಹೇಗೆ? ಎಂಎಸ್ಸಿ ಮಟ್ಟದಲ್ಲಿ ಆಗುತ್ತಾ?

ಎರಡು ದಾರಿ. ಮೊದಲೇ ಸಕ್ಕರೆ ಕಟ್ಟಿದ ಮೊನೊಮರ್ (ಸರಪಳಿಯ ಒಂದು ಬಿಡಿ ಘಟಕ) ಮಾಡಿಕೊಂಡು ಅದನ್ನು ಪಾಲಿಮರ್ ಮಾಡುವುದು ಒಂದು. ಇದರಲ್ಲಿ ಪ್ರತಿ ಘಟಕದಲ್ಲೂ ಸಕ್ಕರೆ ಖಾತ್ರಿ. ಸರಪಳಿಯನ್ನು ಮೊದಲು ಮಾಡಿ, ಆಮೇಲೆ ಸಕ್ಕರೆ ತೂಗು ಹಾಕುವುದು ಎರಡನೆಯದು. ಇದರಲ್ಲಿ ಒಂದೇ ಸರಪಳಿಯಿಂದ ಮ್ಯಾನೋಸ್, ಗ್ಯಾಲಕ್ಟೋಸ್ ಎರಡೂ ಬಗೆ ಮಾಡಬಹುದು, ಉದ್ದ ಒಂದೇ ಇರುತ್ತದೆ. ಹೋಲಿಕೆಗೆ ಇದೇ ಲೇಸು. ಉದ್ದ ಹತೋಟಿಯಲ್ಲಿಡಲು 1998ರಲ್ಲಿ ಆಸ್ಟ್ರೇಲಿಯಾದಿಂದ ಬಂದ ರಾಫ್ಟ್ ವಿಧಾನ ಎಂಎಸ್ಸಿ ಮಟ್ಟಕ್ಕೂ ಒಗ್ಗುತ್ತದೆ. ತೂಗು ಹಾಕಲು ತಾಮ್ರದ ಕ್ಲಿಕ್ ಕ್ರಿಯೆ ಜನಪ್ರಿಯ, ಅಂದರೆ ತಾಮ್ರದ ನೆರವಿನಿಂದ ಎರಡು ಅಣುಗಳನ್ನು ಸಲೀಸಾಗಿ ಬೆಸೆಯುವುದು. ಕ್ಲಿಕ್ ಕೆಲಸಕ್ಕೆ 2022ರ ನೊಬೆಲ್ ಕೂಡ ಬಂತು. ಆದರೆ ತಾಮ್ರವನ್ನು ಪೂರ್ತಿ ತೊಳೆದು ತೆಗೆಯದಿದ್ದರೆ ಆಮೇಲೆ ಪ್ರೋಟೀನಿನ ಜೊತೆ ತಂಟೆ ಮಾಡುತ್ತದೆ. ಡಯಾಲಿಸಿಸ್‌ಗೆ (ಪೊರೆಯ ಚೀಲದಲ್ಲಿಟ್ಟು ಸಣ್ಣ ಅಣುಗಳನ್ನು ಸೋಸಿ ತೆಗೆಯುವುದಕ್ಕೆ) ದಿನಗಟ್ಟಲೆ ಹೋದರೂ ಬೇಜಾರು ಮಾಡಿಕೊಳ್ಳಬೇಡಿ.

ಶುಗರ್ ಇರೋರಿಗೆ ಇದರಿಂದ ಔಷಧ ಬರುತ್ತೆ ಅಂತಾರಲ್ಲ, ನಿಜಾನಾ?

ಯೋಚನೆ ಹಳೆಯದು. 1979ರಲ್ಲಿ ಬ್ರೌನ್‌ಲೀ ಮತ್ತು ಸೆರಾಮಿ ಇನ್ಸುಲಿನ್‌ಗೆ ಸಕ್ಕರೆ ಕಟ್ಟಿ, ಅದನ್ನು ಕಾನ್‌ಎಗೆ ಹಿಡಿಸಿದರು. ರಕ್ತದಲ್ಲಿ ಗ್ಲೂಕೋಸ್ ಏರಿದರೆ ಅದು ಕುಳಿಗೆ ನುಗ್ಗಿ ಇನ್ಸುಲಿನ್ ಅನ್ನು ಹೊರದೂಡುತ್ತದೆ. ಇಳಿದರೆ ಬಿಡುಗಡೆ ನಿಲ್ಲುತ್ತದೆ. ಇದೇ ತತ್ವದ ಮೇಲೆ ಕಾನ್‌ಎ ಮತ್ತು ಗ್ಲೈಕೋಪಾಲಿಮರ್ ಹೆಣೆದ ಜೆಲ್‌ಗಳೂ ಬಂದವು. ಗ್ಲೂಕೋಸ್ ಬಂದರೆ ಜೆಲ್ ಸಡಿಲವಾಗುತ್ತದೆ.

ಲ್ಯಾಬಿನಲ್ಲಿ ಚೆಂದ, ಮೈಯೊಳಗೆ ಕಷ್ಟ. ಕಾನ್‌ಎ ನಮ್ಮ ಬಿಳಿ ರಕ್ತಕಣಗಳನ್ನು ಕೆರಳಿಸುತ್ತದೆ. ಇಲಿಗಳಿಗೆ ಲಿವರ್ ಉರಿಯೂತ ತರಿಸಿ ಅಧ್ಯಯನ ಮಾಡಲು ಸಂಶೋಧಕರು ಚುಚ್ಚುವುದು ಇದೇ ಕಾನ್‌ಎಯನ್ನು! ಹಾಗಾಗಿ ಯಾರಾದರೂ “ಕಾಳಿನ ಲೆಕ್ಟಿನ್ ಪುಡಿ, ಶುಗರ್ ಮಾಯ” ಅಂತ ಮಾರಲು ಬಂದರೆ ಬಾಗಿಲು ಹಾಕಿ. ಔಷಧಿ ಬಿಡಬೇಡಿ.

ಗೊಂಚಲು ತತ್ವ ಔಷಧವಾಗಿ ನಿಜಕ್ಕೂ ಗೆದ್ದದ್ದು ಬೇರೆ ಕಡೆ. ನಮ್ಮ ಲಿವರಿನ ಕೋಶಗಳ ಮೇಲೆ ಗ್ಯಾಲಕ್ಟೋಸ್ ಜಾತಿಯ ಸಕ್ಕರೆ ಹಿಡಿಯುವ ಲೆಕ್ಟಿನ್ ಇದೆ. ಮೂರು ಸಕ್ಕರೆಗಳ ಒಂದು ಗೊಂಚಲನ್ನು ಔಷಧದ ಆರ್‌ಎನ್‌ಎ ತುಂಡಿಗೆ ಕಟ್ಟಿದರೆ ಅದು ನೇರ ಲಿವರಿಗೆ ಹೋಗುತ್ತದೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಗಿವೋಸಿರಾನ್ ಇಂಥದು. ನೂರಲ್ಲ, ಮೂರೇ ಸಕ್ಕರೆ. ದೂರ ಸರಿಯಾಗಿದ್ದರೆ ಸಾಕು.

## ಸಂಶೋಧನೆಗೆ ಇಳಿದವರಿಗೆ

ಐಟಿಸಿಯಲ್ಲಿ ಒಂದು ಸಂಖ್ಯೆ, ಎಸ್‌ಪಿಆರ್‌ನಲ್ಲಿ ಇನ್ನೊಂದು, ಮಂಜಿನ ಪ್ರಯೋಗದಲ್ಲಿ ಮತ್ತೊಂದು. ಯಾವುದನ್ನು ಬರೆಯಲಿ?

ಮೂರನ್ನೂ ಬರೆಯಿರಿ, ಯಾಕೆಂದರೆ ಮೂರೂ ಅಳೆಯುವುದು ಬೇರೆ ಬೇರೆ ಸಂಗತಿ. ಐಟಿಸಿ ಅಳೆಯುವುದು ಬಂಧದ ಶಾಖ. ಪಾಲಿಮರನ್ನು ಸಿರಿಂಜಿನಲ್ಲಿ, ಲೆಕ್ಟಿನ್ ಅನ್ನು ಉಪಕರಣದ ಬಟ್ಟಲಿನಲ್ಲಿ ಇಟ್ಟು, ಒಂದು ಕುಳಿಗೆ ಎಷ್ಟು ಸರಪಳಿ ಅಂತ ನೋಡಿದಾಗ ಅನುಪಾತ 0.1 ಬಂದರೆ, ಒಂದು ಸರಪಳಿ ಹತ್ತು ಕುಳಿಗಳನ್ನು ತುಂಬಿದೆ ಅಂತ ಅರ್ಥ. ಸರಪಳಿಯಲ್ಲಿ ನೂರು ಸಕ್ಕರೆ ಇದ್ದರೂ ಕೆಲಸಕ್ಕೆ ಬಂದದ್ದು ಹತ್ತೇ. ಈ ಸಂಖ್ಯೆಗೆ ನಾನು ಹಿಡಿತದ ಬಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಒಂದು ತೊಡಕೆಂದರೆ, ಪ್ರಯೋಗದ ನಡುವೆ ಮುದ್ದೆ ಕಟ್ಟಿದರೆ ಆ ಶಾಖವೂ ಸೇರಿಬಿಡುತ್ತದೆ.

ಎಸ್‌ಪಿಆರ್ ಅಂದರೆ ಒಂದನ್ನು ಚಿಪ್ಪಿನ ಮೇಲೆ ಕಟ್ಟಿ, ಇನ್ನೊಂದು ಬಂದು ಅದಕ್ಕೆ ಅಂಟುವುದನ್ನು ಬೆಳಕಿನಿಂದ ಅಳೆಯುವ ವಿಧಾನ. ಇದರಲ್ಲಿ ಯಾವುದನ್ನು ಚಿಪ್ಪಿಗೆ ಕಟ್ಟಿದ್ದೀರಿ ಅನ್ನುವುದೇ ಎಲ್ಲ. ಚಿಪ್ಪಿನ ಮೇಲೆ ಲೆಕ್ಟಿನ್ ಒತ್ತೊತ್ತಾಗಿದ್ದರೆ ಒಂದು ಸರಪಳಿ ಹಲವು ಲೆಕ್ಟಿನ್‌ಗಳನ್ನು ಹಿಡಿದು ಬಿಡಲೊಲ್ಲದು. ಹಿಡಿತ ಬಹಳ ಬಿಗಿ ಅಂತ ಕಾಣುತ್ತದೆ. ದಟ್ಟಣೆ ಕಡಿಮೆ ಮಾಡಿ ಮತ್ತೆ ಅಳೆಯಿರಿ, ಸಂಖ್ಯೆ ಬದಲಾದರೆ ನೀವು ಅಳೆದದ್ದು ಪಾಲಿಮರಿನ ಗುಣ ಅಲ್ಲ, ಚಿಪ್ಪಿನದು.

ಸರಪಳಿ ಗಟ್ಟಿಯಾಗಿದ್ರೆ ಒಳ್ಳೇದಾ, ಬಳುಕುವಂತಿದ್ರೆ ಒಳ್ಳೇದಾ?

ಬಳುಕುವ ಸರಪಳಿ ಎಂಥ ಕುಳಿಗೂ ಹೊಂದಿಕೊಳ್ಳುತ್ತದೆ. ಆದರೆ ಹಿಡಿದು ನಿಂತಾಗ ಅದರ ಓಲಾಟವೆಲ್ಲ ನಿಲ್ಲಬೇಕು. ಅದು ಎಂಟ್ರೊಪಿ ನಷ್ಟ, ಹಿಡಿತದ ಲಾಭದಲ್ಲಿ ಅಷ್ಟು ಕಡಿತ. ಗಟ್ಟಿ ಸರಪಳಿಗೆ ಈ ನಷ್ಟ ಕಮ್ಮಿ, ಆದರೆ ಸಕ್ಕರೆಯ ದೂರ ಕುಳಿಯ ದೂರಕ್ಕೆ ತಪ್ಪಿದರೆ ಸರಿಮಾಡಿಕೊಳ್ಳುವ ದಾರಿಯೇ ಇಲ್ಲ. ಲೆಕ್ಟಿನ್‌ನ ರಚನೆ ಖಚಿತವಾಗಿ ಗೊತ್ತಿದ್ದು, ಅಳತೆಗೆ ತಕ್ಕಂತೆ ಕಟ್ಟುವ ಕೈಚಳಕ ಇದ್ದರೆ ಗಟ್ಟಿಯದಕ್ಕೆ ಹೋಗಿ. ಇಲ್ಲದಿದ್ದರೆ ಬಳುಕುವ ಸರಪಳಿ, ಸಕ್ಕರೆಗೂ ಸರಪಳಿಗೂ ನಡುವೆ ಚಿಕ್ಕ ಕೊಂಡಿ. ಆ ಕೊಂಡಿ ತೀರ ಗಿಡ್ಡವಾದರೆ ಸಕ್ಕರೆ ಕುಳಿಯ ತಳ ಮುಟ್ಟುವುದಿಲ್ಲ.

ಒಂದೇ ಸರಪಳಿಗೆ ಎರಡು ಬಗೆ ಸಕ್ಕರೆ ಹಾಕಿದ್ರೆ ಹಿಡಿತ ಕಡಿಮೆ ಆಗಲ್ವಾ?

ಆಗಬೇಕು ಅಂತಲೇ ನಾವು ಅಂದುಕೊಳ್ಳುತ್ತೇವೆ. ಅರ್ಧ ಮ್ಯಾನೋಸ್ ತೆಗೆದು ಕಾನ್‌ಎಗೆ ಬೇಡದ ಸಕ್ಕರೆ ಹಾಕಿದರೆ ಹಿಡಿತ ಅರ್ಧವಾಗಬೇಕಲ್ಲ? ಕೆಲವು ಪ್ರಯೋಗಗಳಲ್ಲಿ ಅಷ್ಟು ಇಳಿದಿಲ್ಲ, ಕೆಲವೆಡೆ ನಿರೀಕ್ಷೆ ಮೀರಿ ಹಿಡಿತ ಉಳಿದಿದೆ. ಬೇಡದ ಸಕ್ಕರೆ ನಡುವೆ ಜಾಗ ಬಿಡಿಸಿ ಇಕ್ಕಟ್ಟು ತಪ್ಪಿಸುವುದು ಒಂದು ಕಾರಣ. ಹಿಡಿದ ಲೆಕ್ಟಿನ್‌ನ ಹೊರಮೈಯನ್ನು ಅದು ಅಲ್ಲಲ್ಲಿ ತಾಕುವುದು ಇನ್ನೊಂದು. ಎರಡನ್ನು ಬೇರ್ಪಡಿಸಬೇಕಾದರೆ ಮೂರು ಪಾಲಿಮರ್ ಮಾಡಿ: ಪೂರ್ತಿ ಮ್ಯಾನೋಸ್, ಅರ್ಧ ಮ್ಯಾನೋಸ್ ಅರ್ಧ ಗ್ಯಾಲಕ್ಟೋಸ್, ಮತ್ತು ಅರ್ಧ ಮ್ಯಾನೋಸ್ ಅರ್ಧ ಸಕ್ಕರೆಯೇ ಅಲ್ಲದ ಒಂದು ತಟಸ್ಥ ಗುಂಪು. ಮೂರಕ್ಕೂ ಉದ್ದ ಒಂದೇ ಇರಲಿ. ಎರಡನೆಯದೂ ಮೂರನೆಯದೂ ಒಂದೇ ತರ ನಡೆದುಕೊಂಡರೆ ಅದು ಜಾಗದ ಮಹಿಮೆ. ಎರಡನೆಯದು ಮುಂದಿದ್ದರೆ ಗ್ಯಾಲಕ್ಟೋಸ್ ಏನೋ ಕೆಲಸ ಮಾಡುತ್ತಿದೆ, ಅಲ್ಲಿಂದ ನಿಮ್ಮ ಮುಂದಿನ ಪ್ರಯೋಗ ಶುರು ಮಾಡಿ.